ಶಿಕ್ಷಕರಿಗಾಗಿ ಕೃತಕ ಬುದ್ಧಿಮತ್ತೆಯ ಕೋರ್ಸ್: ಎರಡನೆಯ ಪಾಠ ಚೆನ್ನ, ನಾಲ್ಕನೆಯದು ಹಳತು

ಪ್ರೌಢಶಾಲಾ ಶಿಕ್ಷಕರನ್ನೇ ಉದ್ದೇಶಿಸಿ ರೂಪಿಸಿದ ಕೃತಕ ಬುದ್ಧಿಮತ್ತೆಯ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ಅದರ ನಿಜವಾದ ಸತ್ವವಿರುವುದು ಎರಡನೆಯ ಪಾಠದಲ್ಲಿ. ಚಾಟ್‌ಜಿಪಿಟಿಯಂಥ ಸಾಧನಗಳ ಹಿಂದಿರುವ ಭಾಷಾ ಮಾದರಿಗಳು ಮೂಲತಃ ಅಪಾರ ಪಠ್ಯದಿಂದ ಕಲಿತ ವಿನ್ಯಾಸಗಳನ್ನು ಆಧರಿಸಿ ಮುಂದಿನ ಪದ ಯಾವುದಿರಬಹುದೆಂದು ಅಂದಾಜಿಸುತ್ತ ಹೋಗುತ್ತವೆ, ಆದುದರಿಂದಲೇ ಇಲ್ಲದ ಗ್ರಂಥದ ಹೆಸರನ್ನೂ ಅಳುಕಿಲ್ಲದೆ ಹೇಳಬಲ್ಲವು ಎಂಬುದನ್ನು ಗಣಿತದ ಹಿನ್ನೆಲೆಯಿಲ್ಲದವರಿಗೂ ತಿಳಿಯುವಂತೆ ಅಲ್ಲಿ ವಿವರಿಸಿದ್ದಾರೆ. ಬಳಿಕ ಯಂತ್ರ ಬರೆದ ಉತ್ತರವನ್ನು ನಮ್ಮ ನಮ್ಮ ವಿಷಯದಲ್ಲಿ ಮೌಲ್ಯಮಾಪನ ಮಾಡುವ ಅಭ್ಯಾಸವಿದೆ. ಇತಿಹಾಸ ಬೋಧಿಸುವ ನಾನೇ ಸೊಗಸಾದ ವಾಕ್ಯಗಳಿಗೆ ಮರುಳಾಗಿ, ತಪ್ಪು ಇಸವಿಯಿದ್ದ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟುಬಿಟ್ಟಿದ್ದೆ!

ನಾಲ್ಕನೆಯ ಪಾಠ ಮಾತ್ರ ನಿರಾಶೆಗೊಳಿಸಿತು. ವಿದ್ಯಾರ್ಥಿಯ ಪ್ರಬಂಧ ಯಂತ್ರದ್ದೇ ಎಂದು ಪತ್ತೆಹಚ್ಚುವ ತಂತ್ರಾಂಶಗಳನ್ನು ನೆಚ್ಚಿಕೊಳ್ಳುವಂತೆ ಅದು ಸಲಹೆ ನೀಡುತ್ತದೆ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡ ಸಂಗತಿಯ ಸುಳಿವೂ ಅಲ್ಲಿಲ್ಲ. ತಪ್ಪು ಆರೋಪ ಹೊರುವ ಮಗುವಿನ ಪಾಡೇನು ಎಂಬ ಪ್ರಶ್ನೆಯನ್ನು ಕೋರ್ಸ್ ಎತ್ತುವುದೇ ಇಲ್ಲ. ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಶಿಕ್ಷಕರಿಗಿರಬೇಕಾದ ಸಾಮರ್ಥ್ಯಗಳ ಕುರಿತು ಯುನೆಸ್ಕೊ 2024ರಲ್ಲಿ ಹೊರತಂದ ಚೌಕಟ್ಟು 15 ಸಾಮರ್ಥ್ಯಗಳನ್ನು ಐದು ಆಯಾಮಗಳಲ್ಲಿ ಜೋಡಿಸಿ, ಮಾನವಕೇಂದ್ರಿತ ಮನೋಭಾವ ಮತ್ತು ನೈತಿಕತೆಗಳನ್ನು ಮೊದಲಿಗೇ ಇರಿಸುತ್ತದೆ; ಇಲ್ಲಿಯಾದರೋ ವಿದ್ಯಾರ್ಥಿಗಳ ಖಾಸಗಿ ಮಾಹಿತಿಯ ರಕ್ಷಣೆಗೆ ದೊರೆತಿರುವುದು ಒಂದೇ ಒಂದು ಸ್ಲೈಡ್.

ಕೊನೆಯ ರಸಪ್ರಶ್ನೆ ತೀರ ಸುಲಭ, ಪ್ರಮಾಣಪತ್ರ ತಕ್ಷಣ ಬರುತ್ತದೆ. ಸಮಯದ ಅಭಾವವಿರುವ ಸಹೋದ್ಯೋಗಿಗಳಿಗೆ ಎರಡನೆಯ ಪಾಠವನ್ನೂ ಅದರ ಅಭ್ಯಾಸವನ್ನೂ ಮಾತ್ರ ಶಿಫಾರಸು ಮಾಡುತ್ತಿದ್ದೇನೆ.