ಸ್ವಿಚ್ ಕವರಿಗೆ ಹೊಳಪೋ, ಮ್ಯಾಟೋ, ಟೆಕ್ಸ್ಚರೋ?

ಹೊಸೂರಲ್ಲಿ ಎಬಿಎಸ್ (ಒಂದು ಗಟ್ಟಿ ಪ್ಲಾಸ್ಟಿಕ್) ಸ್ವಿಚ್ ಕವರಿಗೆ ಅಚ್ಚು ಮಾಡಿಸ್ತಿದ್ದೀರಿ, ಮೇಲ್ಮೈಗೆ ಯಾವ ಫಿನಿಶ್ ಹೇಳಲಿ ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಅಗ್ಗ. ಅಚ್ಚನ್ನು ಎಮರಿ ಕಾಗದದಲ್ಲಿ ಉಜ್ಜಿದರೆ ಮುಗೀತು. ಕನ್ನಡಿಯಂಥ ಹೊಳಪಿಗೆ ಅಚ್ಚಿನ ಉಕ್ಕನ್ನು ವಜ್ರದ ಪೇಸ್ಟ್ ಹಚ್ಚಿ ಕೈಯಲ್ಲೇ ತಿಕ್ಕಬೇಕು. ದಿನಗಟ್ಟಲೆ ಕೆಲಸ, ಉಕ್ಕೂ ಒಳ್ಳೇದೇ ಬೇಕು. ಟೆಕ್ಸ್ಚರಿಗೆ, ಅಂದರೆ ತರಿತರಿ ಮೇಲ್ಮೈಗೆ, ಸಾಮಾನ್ಯವಾಗಿ ಅಚ್ಚಿನ ಉಕ್ಕನ್ನು ಆಸಿಡ್‌ನಲ್ಲಿ ಕೊರೆಸಬೇಕು (ಎಚ್ಚಿಂಗ್), ಅದಕ್ಕೆ ಅಚ್ಚನ್ನು ಹೊರಗೆ ಕಳಿಸಬೇಕಾಗುತ್ತದೆ.

ಹೊಳಪು ಏನನ್ನೂ ಮುಚ್ಚಿಡಲ್ಲ. ನಾನೊಮ್ಮೆ ಆಸೆಪಟ್ಟು ಹೊಳಪಿನ ಕವರು ಮಾಡಿಸಿದೆ. ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದರೆ ಹಿಂದೆ ಬಲಕ್ಕೆ ಕೊಟ್ಟ ಪಟ್ಟಿ (ರಿಬ್) ಇದ್ದ ಕಡೆಯೆಲ್ಲ ಸಣ್ಣ ತಗ್ಗು, ಮೇಲೆ ಬೆರಳಚ್ಚು. ಅದೇ ಕವರು ಟೆಕ್ಸ್ಚರಿನದ್ದಾಗಿದ್ದರೆ ಯಾರೂ ಗಮನಿಸ್ತಿರಲಿಲ್ಲ. ಗೀರು ಬಿದ್ದರೂ ಅಷ್ಟೇ. ಆದರೆ ಟೆಕ್ಸ್ಚರಿಗೆ ಪಕ್ಕದ ಗೋಡೆಯ ಇಳಿಜಾರು ಜಾಸ್ತಿ ಬೇಕು: ಟೆಕ್ಸ್ಚರಿನ ಪ್ರತಿ 0.025 ಮಿ.ಮೀ. ಆಳಕ್ಕೆ ಸುಮಾರು 1 ಡಿಗ್ರಿ ಹೆಚ್ಚುವರಿ. ಇಲ್ಲದಿದ್ದರೆ ಅಚ್ಚಿಂದ ಬಿಡುವಾಗ ಗೋಡೆ ತರಚುತ್ತದೆ. ಇದನ್ನು ಡ್ರಾಯಿಂಗ್ ಹಂತದಲ್ಲೇ ಹೇಳಿ.

ಇನ್ನು ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಒಪ್ಪಬಹುದು ಅನ್ನೋದು. ಸಣ್ಣ ಎಬಿಎಸ್ ಭಾಗಕ್ಕೆ ±0.1 ಮಿ.ಮೀ. ಸಲೀಸು. ±0.05 ಅಂದರೆ ಅಚ್ಚೂ ದುಬಾರಿ, ತಪಾಸಣೆಯೂ ಜಾಸ್ತಿ. ಹಾಗಾಗಿ ಕೊಕ್ಕೆ ಕೂರುವ ಜಾಗಕ್ಕೆ ಮಾತ್ರ ಅದನ್ನು ಕೇಳಿ, ಉಳಿದದ್ದಕ್ಕೆ ಸುಮ್ನೆ ಯಾಕೆ? ಅಚ್ಚಲ್ಲಿ ತಣಿಯುವಾಗ ಎಬಿಎಸ್ ಕುಗ್ಗುವುದು ಶೇ. 0.4ರಿಂದ 0.7. ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಶೇ. 1ರಿಂದ 2.5ರವರೆಗೂ ಹೋಗುತ್ತದೆ, ಅದಕ್ಕೆ ಬಿಗಿ ಅಳತೆ ಕೇಳಿ ಜಗಳ ಆಡಬೇಡಿ.

ಶೋಕೇಸಲ್ಲಿಡುವ ಮಾಲಾದರೆ ಹೊಳಪು, ಒಳಗಿನ ಭಾಗಕ್ಕೆ ಮ್ಯಾಟ್. ದಿನಾ ಕೈ ತಾಗುವ ನಿಮ್ಮ ಕವರಿಗಾದರೆ ನಾನು ಟೆಕ್ಸ್ಚರ್ ಹಾಕಿಸ್ತೇನೆ, ಇಳಿಜಾರಿಗೆ ಜಾಗ ಇದ್ದರೆ.