ಪೇಸರ್ ಹೇಗುಂಟು? ಮಂಗಳೂರಿನಿಂದ ಅಮೆರಿಕದ ಕೋರ್ಟ್ ಕಡತ ಓದಿದವಳ ಅನುಭವ

ಪಕ್ಕದ ಮನೆಯ ಅಕ್ಕ ಬಂದದ್ದು ಆಟಿಯ ಒಂದು ಬೆಳಿಗ್ಗೆ, ಗಂಟೆ ಒಂಬತ್ತೂವರೆ. ಹೊರಗೆ ಮಳೆ ಹೊಡೆಯುತ್ತಿತ್ತು. ಒದ್ದೆ ಛತ್ರಿಯನ್ನು ಜಗಲಿಯಲ್ಲಿ ಬಿಟ್ಟು ನೇರ ಒಳಗೆ ಬಂದರು.

"ಅವನ ಕೇಸು ಡಿಸ್ಮಿಸ್ ಆಗಿದೆಯಂತೆ. ಇನ್ನು ಅಲ್ಲಿಂದ ಕಳಿಸಿಬಿಡ್ತಾರಾ? ನೀನು ಕೋರ್ಟು ಕಚೇರಿ ಎಲ್ಲ ನೋಡಿದವಳಲ್ವಾ, ಎಂತಂತ ನೋಡಿ ಹೇಳು."

ಅವರ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಗ್ರೀನ್ ಕಾರ್ಡ್ ಅರ್ಜಿ ವರ್ಷಗಟ್ಟಲೆ ಹಾಗೇ ಕೂತಿತ್ತು. ಆಗುತ್ತದೋ ಇಲ್ಲವೋ ಒಂದು ತೀರ್ಮಾನ ಕೊಡಿ ಎಂದು ಅಲ್ಲಿನ ಫೆಡರಲ್, ಎಂದರೆ ಕೇಂದ್ರದ, ಕೋರ್ಟಿನಲ್ಲಿ ಸರ್ಕಾರದ ಮೇಲೆ ದಾವೆ ಹಾಕಿದ್ದ. ಅದು ಡಿಸ್ಮಿಸ್ ಆಯಿತೆಂದು ಯಾರೋ ಪರಿಚಯದವರು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದರು. ನಮ್ಮ ಒಂಬತ್ತೂವರೆ ಎಂದರೆ ಅಲ್ಲಿ ನಡುರಾತ್ರಿ, ಮಗ ಫೋನ್ ತೆಗೆಯುತ್ತಿಲ್ಲ.

ನಾನು ಕರಂಗಲ್ಪಾಡಿಯ ಒಬ್ಬ ವಕೀಲರ ಆಫೀಸಿನಲ್ಲಿ 29 ವರ್ಷ ಗುಮಾಸ್ತೆಯಾಗಿದ್ದೆ. ವಾದಪತ್ರ ಟೈಪ್ ಮಾಡಿ, ನಂಬ್ರ ಹಾಕಿಸಿ, ಕಾಪಿ ಅರ್ಜಿ ಹಿಡಿದು ನಿಂತೇ ಆ ವರ್ಷಗಳು ಕಳೆದವು. ಹಾಗಾಗಿ ಅಕ್ಕನ ಭಯ ನನಗೆ ಹೊಸತಲ್ಲ. ಕಂಪ್ಯೂಟರ್ ಹಾಕಿ ಪೇಸರ್ ತೆರೆದೆ. ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು. ಮಕ್ಕಳು ಅಮೆರಿಕದಲ್ಲಿರುವ ಮನೆ ನಮ್ಮ ಊರಿನಲ್ಲಿ ಓಣಿಗೊಂದು ಉಂಟು. ಅವರಿಗೆಲ್ಲ ಈ ಸೇವೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪೇಸರ್ ಎಂದರೆ ಅಮೆರಿಕದ ಫೆಡರಲ್ ಕೋರ್ಟುಗಳ ಕಡತವನ್ನು ಯಾರು ಬೇಕಾದರೂ ಕೂತಲ್ಲಿಂದ ನೋಡಲು ಆ ಕೋರ್ಟುಗಳೇ ನಡೆಸುವ ವ್ಯವಸ್ಥೆ. 1988ರಲ್ಲಿ ಟೆಲಿಫೋನ್ ಲೈನಿನ ಮೇಲೆ ಶುರುವಾದದ್ದು, ಈಗ ಇಂಟರ್ನೆಟ್ಟಿನಲ್ಲಿ. ನೀವು ಕಕ್ಷಿದಾರರೋ, ವಕೀಲರೋ, ಯಾಕೆ ನೋಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಕು ಸಿಗುತ್ತದೆ, ಆದೇಶ ಸಿಗುತ್ತದೆ, ಅದೂ ಪುಕ್ಕಟೆ. ಆದರೆ ವಾದಿ ಎಂತ ಬರೆದ, ಪ್ರತಿವಾದಿ ಅದಕ್ಕೆ ಎಂತ ಉತ್ತರ ಕೊಟ್ಟ, ಯಾವ ದಾಖಲೆ ಹಾಜರು ಮಾಡಿದ ಎನ್ನುವುದು ಹೊರಗಿನವರಿಗೆ ಸಿಗಬೇಕಾದರೆ ಕಾರಣ ತೋರಿಸಿ ಅರ್ಜಿ ಹಾಕಬೇಕು. ಪೇಸರಿನಲ್ಲಿ ಸಾಮಾನ್ಯ ಸಿವಿಲ್ ದಾವೆಯಾದರೆ ವಾದಪತ್ರದಿಂದ ತೀರ್ಪಿನ ತನಕ ಇಡೀ ಬಂಡಲೇ ಕಣ್ಣಮುಂದೆ. 29 ವರ್ಷ ನಕಲಿನ ಕೌಂಟರಿನಲ್ಲಿ ನಿಂತವಳಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಖಾತೆ ಮಾಡಿಕೊಂಡದ್ದು ತಹಾವ್ವುರ್ ರಾಣಾನ ಸುದ್ದಿಯಿಂದ. ಮುಂಬೈ ದಾಳಿಯ ಆ ಆರೋಪಿಯನ್ನು ಭಾರತಕ್ಕೆ ಒಪ್ಪಿಸಲು ಅಮೆರಿಕದ ಕೋರ್ಟು ಒಪ್ಪಿತು ಎಂದು ಟೀವಿಯಲ್ಲಿ ಒಂದು ಸಲ ಅಲ್ಲ, ನಾಲ್ಕು ಸಲ ಬಂತು. ಒಪ್ಪಿದ ಮೇಲೆ ಪುನಃ ಪುನಃ ಒಪ್ಪುವುದು ಎಂತದು ಎಂದು ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಕಡತದ ಹಿಂದೆ ಹೋದಾಗ ಅಲ್ಲಿನ ಕೋರ್ಟುಗಳ ಮೆಟ್ಟಿಲು ಒಂದೊಂದೇ ಕಂಡಿತು. 2023ರ ಮೇ ತಿಂಗಳಲ್ಲಿ ಒಪ್ಪಿದ್ದು ಕ್ಯಾಲಿಫೋರ್ನಿಯಾದ ಒಬ್ಬರು ಮ್ಯಾಜಿಸ್ಟ್ರೇಟ್ ಜಡ್ಜ್. ಆರೋಪಿಯನ್ನು ಬೇರೆ ದೇಶಕ್ಕೆ ಒಪ್ಪಿಸುವ ಅಂಥ ಆದೇಶದ ಮೇಲೆ ನೇರ ಅಪೀಲು ಇಲ್ಲ. ಹೇಬಿಯಸ್ ಕಾರ್ಪಸ್ ಅರ್ಜಿಯನ್ನೇ ಹಾಕಬೇಕು. ಅದನ್ನು ಅದೇ ಆಗಸ್ಟಿನಲ್ಲಿ ಡಿಸ್ಟ್ರಿಕ್ಟ್ ಕೋರ್ಟು ತಳ್ಳಿಹಾಕಿತು. ಅಪೀಲು ಹೋದದ್ದು ನೈನ್ತ್ ಸರ್ಕ್ಯೂಟ್ ಎನ್ನುವ ಅಪೀಲು ಕೋರ್ಟಿಗೆ. ಮೂವರು ಜಡ್ಜರ ಪೀಠ 2024ರ ಆಗಸ್ಟ್ 15ರಂದು ಅಲ್ಲಿಯೂ ಬೇಡ ಎಂದಿತು. ಕೊನೆಗೆ ಸುಪ್ರೀಂ ಕೋರ್ಟ್ 2025ರ ಜನವರಿ 21ರಂದು ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಅಲ್ಲಿ ಒಂಬತ್ತು ಜನರಲ್ಲಿ ನಾಲ್ವರಾದರೂ ಬೇಕೆಂದರೆ ಮಾತ್ರ ಒಂದು ಕೇಸು ಒಳಗೆ ಬರುವುದು. ಏಪ್ರಿಲ್ 10ಕ್ಕೆ ಅವನು ದೆಹಲಿಯಲ್ಲಿದ್ದ. ಟೀವಿಯವರ ನಾಲ್ಕು 'ಒಪ್ಪಿತು' ಎಂದರೆ ಈ ನಾಲ್ಕು ಮೆಟ್ಟಿಲು.

ಕೆಳಗೆ 94 ಡಿಸ್ಟ್ರಿಕ್ಟ್ ಕೋರ್ಟು, ಅದರ ಮೇಲೆ 13 ಅಪೀಲು ಕೋರ್ಟು, ಎಲ್ಲದರ ಮೇಲೆ ಒಂದು ಸುಪ್ರೀಂ ಕೋರ್ಟು. ಜಿಲ್ಲೆ ಎಂದಾಗ ನಮ್ಮ ದಕ್ಷಿಣ ಕನ್ನಡದಷ್ಟು ಎಂದುಕೊಳ್ಳಬೇಡಿ. ನ್ಯೂಜೆರ್ಸಿ ರಾಜ್ಯ ಇಡೀ ಒಂದೇ ಡಿಸ್ಟ್ರಿಕ್ಟ್. ಅಪೀಲು ಕೋರ್ಟು ಕೂಡ ನಮ್ಮ ಹೈಕೋರ್ಟಿನ ಹಾಗೆ ರಾಜ್ಯಕ್ಕೊಂದಲ್ಲ, ಕೆಲವು ರಾಜ್ಯಗಳಿಗೆ ಸೇರಿ ಒಂದು. ನ್ಯೂಜೆರ್ಸಿಯ ಅಪೀಲು ಫಿಲಡೆಲ್ಫಿಯಾದಲ್ಲಿರುವ ಥರ್ಡ್ ಸರ್ಕ್ಯೂಟಿಗೆ ಹೋಗುತ್ತದೆ.

ಇನ್ನು ಆ ಬೆಳಿಗ್ಗೆಗೆ ಬರುತ್ತೇನೆ.

ಹುಡುಗನ ಹೆಸರು ಹಾಕಿ ಹುಡುಕಿದಾಗ ಒಂದು ನಂಬ್ರ ಬಂತು, 2:25-ಸಿವಿ ಎಂದು ಶುರುವಾಗುವಂಥದ್ದು. ನಮ್ಮ ಸಿವಿಲ್ ದಾವೆಗಳ ಓ.ಎಸ್. ನಂಬ್ರದ ಹಾಗೆಯೇ ಇದನ್ನೂ ಓದಬೇಕು. ಮೊದಲ 2 ಎಂದರೆ ನ್ಯೂಆರ್ಕಿನ ಕಚೇರಿ (ಕ್ಯಾಮ್ಡನ್ ಆದರೆ 1, ಟ್ರೆಂಟನ್ ಆದರೆ 3), 25 ದಾಖಲಾದ ವರ್ಷ, ಸಿವಿ ಎಂದರೆ ಸಿವಿಲ್, ಆಮೇಲೆ ಕ್ರಮಸಂಖ್ಯೆ, ಕೊನೆಯಲ್ಲಿ ಜಡ್ಜರ ಹೆಸರಿನ ಮೊದಲಕ್ಷರಗಳು. ಆ ಅಕ್ಷರಗಳನ್ನು ನೋಡುವಾಗ ನನಗೆ ಪ್ರತಿ ಸಲ ಒಂದು ಯೋಚನೆ ಬರುತ್ತದೆ. ಅಲ್ಲಿನ ಡಿಸ್ಟ್ರಿಕ್ಟ್ ಜಡ್ಜರ ನೇಮಕ ಜೀವನಪರ್ಯಂತ, ನಮ್ಮ ಹಾಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುವುದಿಲ್ಲ. ನಮ್ಮಲ್ಲಿ ವಾದ ಕೇಳಿ ಮುಗಿಯುವ ಹೊತ್ತಿಗೆ ಜಡ್ಜರಿಗೆ ವರ್ಗವಾಗಿ, ಹೊಸಬರ ಮುಂದೆ ಪುನಃ ಮೊದಲಿನಿಂದ ವಾದ ಮಾಡಿಸಿದ ಕಡತಗಳನ್ನು ನಾನು ಕೈಯಾರೆ ಹೊತ್ತಿದ್ದೇನೆ.

ಡಾಕೆಟ್ ತೆರೆದೆ. ಡಾಕೆಟ್ ಎಂದರೆ ನಮ್ಮ ಆರ್ಡರ್ ಶೀಟಿನಂಥದ್ದು, ಆದರೆ ಬರೇ ಜಡ್ಜರ ಆದೇಶವಲ್ಲ. ಯಾರು ಯಾವ ದಿನ ಎಂತ ಸಲ್ಲಿಸಿದರು ಎನ್ನುವುದಕ್ಕೆಲ್ಲ ಒಂದೊಂದು ಸಾಲು, ಒಂದೊಂದು ನಂಬ್ರ. ಮೇಲ್ಗಡೆ ದಾವೆಯ ವರ್ಗ 465 ಎಂದಿತ್ತು, ವಲಸೆಗೆ ಸಂಬಂಧಿಸಿದ ಇತರ ದಾವೆ ಎಂದರ್ಥ. ಒಂದನೇ ಸಾಲು ವಾದಪತ್ರ, ಫೀಸು 405 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 35 ಸಾವಿರ ರೂಪಾಯಿ. ಅಲ್ಲಿ ಕೋರ್ಟ್ ಫೀಸು ದಾವೆಯ ಮೌಲ್ಯದ ಮೇಲೆ ಏರುವುದಿಲ್ಲ, ಕೋಟಿ ಡಾಲರಿನ ದಾವೆಗೂ ಅದೇ 405. ಎರಡನೇ ಸಾಲು ಸಮನ್ಸ್. ಮೂರನೆಯದು ಸಮನ್ಸ್ ಜಾರಿಯಾದ ಪುರಾವೆ. ನಮ್ಮಲ್ಲಿ ಅಮೀನರು ಮಾಡುವ ಕೆಲಸವನ್ನು ಅಲ್ಲಿ ವಾದಿಯ ಕಡೆಯವರೇ ಮಾಡಿಸಿ ವರದಿ ಕೊಡಬೇಕು. ಅಲ್ಲಿಂದ ಸರ್ಕಾರಕ್ಕೆ ಉತ್ತರ ಕೊಡಲು 60 ದಿನ. ನಾಲ್ಕನೇ ಸಾಲಿನಲ್ಲಿ ಸರ್ಕಾರಿ ವಕೀಲರು ಇನ್ನಷ್ಟು ಸಮಯ ಕೇಳಿದ್ದರು. ಐದನೆಯದು ಸಮಯ ಕೊಟ್ಟ ಆದೇಶ, ಸಹಿ ಮ್ಯಾಜಿಸ್ಟ್ರೇಟ್ ಜಡ್ಜರದ್ದು.

ಅಕ್ಕ ಇಲ್ಲಿ ಮತ್ತೆ ಹೆದರಿದರು. "ಮ್ಯಾಜಿಸ್ಟ್ರೇಟ್ ಯಾಕೆ? ಕ್ರಿಮಿನಲ್ ಕೇಸು ಹಾಕಿದ್ದಾರಾ?" ಇಲ್ಲ. ಅಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ಎಂದರೆ ಎಂಟು ವರ್ಷದ ಅವಧಿಗೆ ನೇಮಕವಾಗಿ ಡಿಸ್ಟ್ರಿಕ್ಟ್ ಜಡ್ಜರಿಗೆ ನೆರವಾಗುವವರು. ಸಿವಿಲ್ ದಾವೆಯಲ್ಲೂ ವಿಚಾರಣೆಗೆ ಮುಂಚಿನ ಕೆಲಸ ಹೆಚ್ಚಾಗಿ ಅವರದ್ದೇ.

ಆರನೇ ಸಾಲು. ಅದರಲ್ಲಿ ಡಿಸ್ಮಿಸಲ್ ಎನ್ನುವ ಶಬ್ದ ಇತ್ತು, ಹೌದು. ಆದರೆ ಅದರ ಹಿಂದೆ ವಾಲಂಟರಿ ಎಂದಿತ್ತು, ಕೊನೆಯಲ್ಲಿ ಹುಡುಗನ ಹೆಸರಿತ್ತು. ಕೋರ್ಟು ವಜಾ ಮಾಡಿದ್ದಲ್ಲ, ವಾದಿಯೇ ತನ್ನ ದಾವೆಯನ್ನು ಹಿಂದೆಗೆದದ್ದು. ಪ್ರತಿವಾದಿ ಉತ್ತರ ಸಲ್ಲಿಸುವ ಮೊದಲು ಒಂದು ನೋಟಿಸು ಕೊಟ್ಟು ಹಿಂದೆಗೆಯಲು ಅಲ್ಲಿ ಯಾರ ಅಪ್ಪಣೆಯೂ ಬೇಡ, ಸಿವಿಲ್ ರೂಲ್ 41ರಲ್ಲಿ ಅದು ಉಂಟು. ಮೊದಲನೇ ಸಲ ಹಾಗೆ ಹಿಂದೆಗೆದರೆ ಬೇಕಾದಾಗ ಮತ್ತೆ ಹಾಕಲೂ ಬಹುದು. ನಮ್ಮಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 23ರ ಕೆಳಗೆ ಮತ್ತೆ ದಾವೆ ಹೂಡಲು ಕೋರ್ಟಿನ ಅನುಮತಿ ಕೇಳಿಕೊಳ್ಳದೆ ಹಿಂದೆಗೆದರೆ ಬಾಗಿಲು ಮುಚ್ಚಿತು. ನಮ್ಮ ಕಡೆ ಡಿಸ್ಮಿಸ್ ಎಂದರೆ ಸೋತದ್ದು, ಇಲ್ಲವೇ ಕರೆದಾಗ ಹಾಜರಿಲ್ಲದೆ ಡಿಫಾಲ್ಟಿಗೆ ಹೋದದ್ದು. ಅದೇ ಶಬ್ದ ಎಂಟು ಸಾವಿರ ಮೈಲಿ ದಾಟಿ ಬಂದು ಒಬ್ಬ ತಾಯಿಯ ಎದೆ ಒಡೆಯಿತು.

"ಅಕ್ಕ, ಕೆಲಸ ಆದದ್ದಕ್ಕೆ ಅವನೇ ಹಿಂದೆ ತೆಗೆದಿರಬೇಕು" ಎಂದೆ. ಇಂಥ ದಾವೆಗಳು ಹೆಚ್ಚಾಗಿ ಮುಗಿಯುವುದು ಹಾಗೆಯೇ: ಅರ್ಜಿ ಇತ್ಯರ್ಥವಾಯಿತು ಎಂದರೆ ದಾವೆಗೆ ಮತ್ತೆ ಅರ್ಥವಿಲ್ಲ. ಸಂಜೆ ಮಗನ ಫೋನ್ ಬಂತು. ಅಪ್ರೂವಲ್ ಆಗಿ ವಾರವಾಗಿತ್ತು, ಕಾರ್ಡು ಕೈಗೆ ಸಿಕ್ಕಿದ ಮೇಲೆ ಅಮ್ಮನಿಗೆ ಹೇಳುವ ಎಂದು ಸುಮ್ಮನಿದ್ದನಂತೆ. ಆ ಡಾಕೆಟಿನ ಪ್ರಿಂಟು ಅಕ್ಕನ ಕಪಾಟಿನಲ್ಲಿ ಉಂಟು. ಆರನೇ ಸಾಲಿನ ಪಕ್ಕ ನಾನು ಪೆನ್ಸಿಲಿನಲ್ಲಿ "ವಾದಿಯೇ ಹಿಂದೆಗೆದದ್ದು" ಎಂದು ಬರೆದುಕೊಟ್ಟೆ.

ಒಂದು ಮಿತಿ ಹೇಳಲೇಬೇಕು. ವಲಸೆಯ ಸವಲತ್ತಿನ ದಾವೆಗಳಲ್ಲಿ ಮತ್ತು ಸೋಷಿಯಲ್ ಸೆಕ್ಯುರಿಟಿ ದಾವೆಗಳಲ್ಲಿ ಹೊರಗಿನವರಿಗೆ ಕಂಪ್ಯೂಟರಿನಲ್ಲಿ ಸಿಗುವುದು ಡಾಕೆಟ್ ಮತ್ತು ಕೋರ್ಟಿನ ಆದೇಶ ಮಾತ್ರ. ವಾದಪತ್ರ, ನೋಟಿಸು ಓದಬೇಕೆಂದರೆ ಆ ಕೋರ್ಟಿನ ಕಟ್ಟಡಕ್ಕೇ ಹೋಗಬೇಕು. ಹಾಗಾಗಿ ಆರನೇ ಸಾಲನ್ನು ನಾನು ಓದಿದೆ, ಕಾಗದ ತೆರೆಯಲಿಲ್ಲ. ಇದು ಸರಿಯೇ ಎಂದು ನನಗೆ ಅನಿಸುತ್ತದೆ. ಒಂದು ಕುಟುಂಬದ ಪಾಸ್‌ಪೋರ್ಟು, ಮದುವೆ ಪತ್ರ, ಸಂಬಳದ ಚೀಟಿ ಎಲ್ಲ ಊರೆಲ್ಲ ಓದುವುದು ಬೇಡ.

ಇನ್ನು ಅಕ್ಕನ ಮೊದಲ ಪ್ರಶ್ನೆ, ಕಳಿಸಿಬಿಡ್ತಾರಾ ಎಂದದ್ದು. ಆ ವಿಚಾರಣೆ ಈ ಕೋರ್ಟುಗಳಲ್ಲಿ ಅಲ್ಲವೇ ಅಲ್ಲ. ಇಮಿಗ್ರೇಶನ್ ಕೋರ್ಟ್ ಎಂದು ಹೆಸರಿದ್ದರೂ ಅದು ನ್ಯಾಯಾಂಗದ ಭಾಗವಲ್ಲ, ಸರ್ಕಾರದ ನ್ಯಾಯ ಇಲಾಖೆಯ ಕೆಳಗೆ ಬರುತ್ತದೆ. ಅದರ ಕಡತ ಪೇಸರಿನಲ್ಲಿ ಸಿಗುವುದಿಲ್ಲ. ಹಾಗೆಯೇ ವಿಚ್ಛೇದನ, ಬಾಡಿಗೆ ಜಗಳ, ರಸ್ತೆ ಅಪಘಾತ ಇಂಥವು ಹೆಚ್ಚಿನವೂ ಆಯಾ ರಾಜ್ಯದ ಕೋರ್ಟುಗಳಲ್ಲಿ ನಡೆಯುತ್ತವೆ. ಅವೂ ಇಲ್ಲಿ ಇಲ್ಲ. ನಮ್ಮಲ್ಲಿ ಮಂಗಳೂರಿನ ಸಿವಿಲ್ ಕೋರ್ಟಿನಿಂದ ಬೆಂಗಳೂರಿನ ಹೈಕೋರ್ಟು, ಅಲ್ಲಿಂದ ದೆಹಲಿ ಎಂದು ಒಂದೇ ಏಣಿ. ಅಮೆರಿಕದಲ್ಲಿ ಎರಡು ಏಣಿ ಪಕ್ಕಪಕ್ಕ ನಿಂತಿವೆ. ಫೆಡರಲ್ ಕಾನೂನಿನ ಪ್ರಶ್ನೆ ಇದ್ದರೆ, ಅಮೆರಿಕದ ಕೇಂದ್ರ ಸರ್ಕಾರವೇ ಕಕ್ಷಿಯಾಗಿದ್ದರೆ, ಇಲ್ಲವೇ ಬೇರೆ ಬೇರೆ ರಾಜ್ಯದವರ ನಡುವೆ 75,000 ಡಾಲರಿಗಿಂತ ಹೆಚ್ಚಿನ ವ್ಯಾಜ್ಯವಿದ್ದರೆ ಫೆಡರಲ್ ಏಣಿ. ಪೇಸರಿನಲ್ಲಿ ಹೆಸರು ಸಿಗಲಿಲ್ಲ ಎಂದರೆ ಕೇಸೇ ಇಲ್ಲ ಎಂದುಕೊಳ್ಳಬೇಡಿ.

ದುಡ್ಡಿನ ವಿಷಯ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಹುಡುಕಿದ ಪಟ್ಟಿಗೂ ಲೆಕ್ಕ ಉಂಟು, ಏನೂ ಸಿಗದಿದ್ದರೂ ಒಂದು ಪುಟದ ದರ. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಮಾತ್ರ ಎಲ್ಲ ಮಾಫಿ. ಜಡ್ಜರ ತೀರ್ಪುಗಳು ಪುಕ್ಕಟೆ. ಮನೆಯವರ ಒಂದು ಕೇಸು ನೋಡುವವರಿಗೆ ಖರ್ಚೇ ಬರಲಿಕ್ಕಿಲ್ಲ, ನನಗೂ ಬಂದಿಲ್ಲ.

ಆದರೂ ಸಾರ್ವಜನಿಕ ಕಡತಕ್ಕೆ ಪುಟದ ಲೆಕ್ಕದಲ್ಲಿ ಹಣ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅಲ್ಲಿನವರು ಅದನ್ನು ಅದೇ ಕೋರ್ಟಿಗೆ ಒಯ್ದರು ಕೂಡ. 2016ರಲ್ಲಿ ಮಾಜಿ ಸೈನಿಕರ ಪರ ಕೆಲಸ ಮಾಡುವ ಒಂದು ಸಂಸ್ಥೆ ಇನ್ನೆರಡು ಸಂಸ್ಥೆಗಳ ಜೊತೆ ಸೇರಿ, ಈ ಫೀಸಿನ ಹಣವನ್ನು ಕಾನೂನು ಬಿಟ್ಟಿರುವುದಕ್ಕಿಂತ ಹೆಚ್ಚಿನ ಖರ್ಚುಗಳಿಗೆ ಬಳಸಿದ್ದಾರೆ ಎಂದು ವಾಷಿಂಗ್ಟನ್ನಿನಲ್ಲಿ ದಾವೆ ಹೂಡಿತು. ಕೆಲವು ಖರ್ಚು ತಪ್ಪು ಎಂದು 2018ರಲ್ಲಿ ಡಿಸ್ಟ್ರಿಕ್ಟ್ ಕೋರ್ಟು ಹೇಳಿತು, 2020ರಲ್ಲಿ ಫೆಡರಲ್ ಸರ್ಕ್ಯೂಟ್ ಎನ್ನುವ ಅಪೀಲು ಕೋರ್ಟು ಅದನ್ನೇ ಎತ್ತಿಹಿಡಿಯಿತು. 2024ರಲ್ಲಿ 12.5 ಕೋಟಿ ಡಾಲರಿನ ರಾಜಿಗೆ ಕೋರ್ಟಿನ ಒಪ್ಪಿಗೆ ಸಿಕ್ಕಿತು, ಫೀಸು ಕಟ್ಟಿದವರಿಗೆ ಹಣ ವಾಪಸು. ಕೋರ್ಟುಗಳ ಫೀಸನ್ನು ಕೋರ್ಟೇ ತೂಗಿ ನೋಡಿ, ಕೊಟ್ಟದ್ದು ಹೆಚ್ಚಾಯಿತು ಎಂದು ಒಪ್ಪಿದ್ದು ನನಗೆ ತುಂಬಾ ಹಿಡಿಸಿತು.

ಪೇಸರಿಗೆ ಹೋಗುವ ಮೊದಲು ಕೋರ್ಟ್‌ಲಿಸನರ್ ನೋಡಿ. ಲಾಭಕ್ಕಲ್ಲದ ಒಂದು ಸಂಸ್ಥೆಯದ್ದು. ಬೇರೆಯವರು ಒಮ್ಮೆ ದುಡ್ಡು ಕೊಟ್ಟು ತೆಗೆದ ಕಡತಗಳು ರೀಕ್ಯಾಪ್ ಎನ್ನುವ ಸಲಕರಣೆಯ ಮೂಲಕ ಅಲ್ಲಿಗೆ ಸೇರಿರುತ್ತವೆ, ಪುಕ್ಕಟೆ ಓದಬಹುದು. ದೊಡ್ಡ ಕೇಸುಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ. ಸುಪ್ರೀಂ ಕೋರ್ಟಿನ ಕಡತಕ್ಕೆ ಪೇಸರ್ ಬೇಡ, ಆ ಕೋರ್ಟಿನ ಸ್ವಂತ ಜಾಲತಾಣದಲ್ಲೇ ಅರ್ಜಿಗಳೂ ಡಾಕೆಟೂ ಇವೆ.

ಖಾತೆ ಮಾಡುವವರಿಗೆ ಎರಡು ಮಾತು. ನೋಂದಣಿ ಮಾಡುವಾಗ ಕೇಸು ಹುಡುಕುವ ಖಾತೆಯನ್ನೇ ಆರಿಸಿ, ಸಲ್ಲಿಕೆಯ ಖಾತೆ ವಕೀಲರಂಥವರಿಗೆ. ಹುಡುಕುವಾಗ ಮನೆತನದ ಹೆಸರು ಮೊದಲು ಹಾಕಿ, ಪಾಸ್‌ಪೋರ್ಟಿನಲ್ಲಿ ಇದ್ದ ಕಾಗುಣಿತದಲ್ಲೇ ಹಾಕಿ. ನಮ್ಮ ಕಡೆಯ ಶೆಟ್ಟಿ, ಭಟ್, ರಾವ್, ಡಿಸೋಜ ಅಲ್ಲಿಯೂ ಬೇಕಾದಷ್ಟು ಜನ ಇದ್ದಾರೆ. ರಾಜ್ಯ ಮತ್ತು ವರ್ಷ ಕೊಡದೆ ಹುಡುಕಿದರೆ ಪಟ್ಟಿ ಉದ್ದವಾಗುತ್ತದೆ, ಪುಟಕ್ಕೆ 10 ಸೆಂಟಿನ ಲೆಕ್ಕವೂ ಅದರ ಜೊತೆಗೇ ಉದ್ದವಾಗುತ್ತದೆ.