ಆರು ವರ್ಷ, ಮೂರು ಮೊಬಿಲಿಟಿ ಸ್ಕೂಟರ್: ಗಾಡಿಯ ಗುಣ ಗೊತ್ತಾಗುವುದು ನಿಂತಾಗ

ಆರು ವರ್ಷದಲ್ಲಿ ಮೂರು ಮೊಬಿಲಿಟಿ ಸ್ಕೂಟರ್ ಕೊಂಡಿದ್ದೇನೆ; ಹೆಚ್ಚು ನಡೆಯಲಾಗದವರು ಕೂತು ಓಡಿಸುವ ಬ್ಯಾಟರಿ ಗಾಡಿ ಇದು. ಮೊದಲನೆಯದನ್ನು ಕೊಂಡಿದ್ದು ಆಸೆಗೆ, ಎರಡನೆಯದನ್ನು ಹೆದರಿಕೆಗೆ. ಮೂರನೆಯದನ್ನು ಮಾತ್ರ ಅಳತೆ ಟೇಪು ಹಿಡಿದುಕೊಂಡು ಹೋಗಿ ಕೊಂಡೆ. ಸಂಧಿವಾತದಿಂದ ನನ್ನ ಮೊಣಕಾಲು, ಪಾದದ ಕೀಲು ಎರಡೂ ಸವೆದಿವೆ. ಮನೆಯೊಳಗೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತೇನೆ. ಐವತ್ತು ಮೀಟರ್ ದಾಟಿದರೆ ಕೂರಲೇಬೇಕು. ಕೈಬೆರಳಿಗೂ ಇದೇ ಕಾಯಿಲೆ ಇದೆ ಅನ್ನುವುದನ್ನು ಮೊದಲ ಸಲ ಕೊಳ್ಳುವಾಗ ನಾನೂ ಮರೆತಿದ್ದೆ, ಮಾರುವವರೂ ಕೇಳಲಿಲ್ಲ. ಅದರ ಕತೆ ಮುಂದಿದೆ.

ನನ್ನ ಗಾಡಿಗಳ ಹೆಸರು ಬರೆಯುವುದಿಲ್ಲ. ಒಂದೇ ಗಾಡಿ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಬರುವುದೂ ಉಂಟು, ಹೆಸರಿಗಿಂತ ಜಾತಿ ಮುಖ್ಯ. ಓಡುವಾಗ ಎಲ್ಲ ಸ್ಕೂಟರೂ ಚೆನ್ನಾಗಿಯೇ ಇರುತ್ತವೆ. ಶೋರೂಮಿನ ನುಣುಪು ನೆಲದ ಮೇಲೆ ಎರಡು ಸುತ್ತು ಹೊಡೆದರೆ ಯಾವುದೂ ಬೇಡ ಅನ್ನಿಸುವುದಿಲ್ಲ. ಬಣ್ಣ ಬಯಲಾಗುವುದು ಅದು ಓಡದಿರುವಾಗ: ಕಾರಿನ ಡಿಕ್ಕಿಗೆ ಎತ್ತುವಾಗ, ಲಿಫ್ಟಿನ ಮುಂದೆ ತಿರುಗಿಸುವಾಗ, ಚಾರ್ಜಿಗೆ ಹಾಕುವಾಗ, ನಡುದಾರಿಯಲ್ಲಿ ಕೈಕೊಟ್ಟಾಗ.

ಮೊದಲನೆಯದು ಮೂರು ಚಕ್ರದ ಪುಟ್ಟ ಗಾಡಿ, ಬಿಚ್ಚಿ ಜೋಡಿಸುವಂಥದ್ದು. ಪ್ರೈಡ್ ಕಂಪನಿಯ ಗೋ-ಗೋ ಸಾಲಿನ ಗಾಡಿಗಳನ್ನು ನೋಡಿದ್ದರೆ ಈ ಜಾತಿ ಗೊತ್ತಿರುತ್ತದೆ: ಸೀಟು, ಬುಟ್ಟಿ, ಬ್ಯಾಟರಿ ಪೆಟ್ಟಿಗೆ, ಮುಂಭಾಗ, ಮೋಟರಿರುವ ಹಿಂಭಾಗ ಎಂದು ತುಂಡುತುಂಡಾಗಿ ಬಿಡಿಸಬಹುದು. ಅಂಗಡಿಯ ಹುಡುಗ ಒಂದೇ ನಿಮಿಷದಲ್ಲಿ ಬಿಚ್ಚಿ ತೋರಿಸಿದ. ನಾನು ಮರುಳಾದೆ. ಆದರೆ ದಿನಾ ಎತ್ತಬೇಕಾದವರು ಆ ಹುಡುಗನಲ್ಲ, ಅರವತ್ತೆಂಟು ವರ್ಷದ ನಮ್ಮವರು. ಮೂರನೇ ವಾರಕ್ಕೆ ಅವರು ಸೊಂಟ ಹಿಡಿದುಕೊಂಡು ಕೂತರು. ಮಗಳು ಸ್ನಾನದ ಮನೆಯ ತೂಕದ ಯಂತ್ರ ತಂದು ಒಂದೊಂದೇ ತುಂಡು ಇಟ್ಟು ನೋಡಿದಳು. ಮೋಟರ್ ಇರುವ ತುಂಡೇ 16 ಕೆ.ಜಿ. ಬ್ಯಾಟರಿ ಪೆಟ್ಟಿಗೆ ಹತ್ತರ ಹತ್ತಿರ, ಕ್ಯಾಟಲಾಗಿನ ತೂಕದಲ್ಲಿ ಆ ಹತ್ತು ಸೇರಿಯೇ ಇರಲಿಲ್ಲ. ‘ಅಮ್ಮ, ನೀನು ಗಾಡಿಯ ತೂಕ ಕೇಳಿದೆ, ಭಾರದ ತುಂಡಿನ ತೂಕ ಕೇಳಲಿಲ್ಲ’ ಅಂದಳು. ಇವತ್ತಿಗೂ ಯಾರಾದರೂ ಸಲಹೆ ಕೇಳಿದರೆ ನನ್ನ ಮೊದಲ ಪ್ರಶ್ನೆ ಅದೇ: ಎತ್ತುವವರು ಯಾರು, ಅವರ ಬೆನ್ನು ಹೇಗಿದೆ?

ಮೂರು ಚಕ್ರದ ಸುಖವನ್ನೂ ಹೇಳಬೇಕು. ಮುಂದೆ ಒಂದೇ ಚಕ್ರ ಇರುವುದರಿಂದ ಕಾಲು ಚಾಚಲು ಜಾಗ ಹೆಚ್ಚು, ತಿರುಗಲು ಜಾಗ ಕಡಿಮೆ ಸಾಕು. ಅಡುಗೆ ಮನೆಯ ಮೂಲೆಯಲ್ಲಿ ನಾನು ಒಂದೇ ಏಟಿಗೆ ತಿರುಗುತ್ತಿದ್ದೆ. ಕಷ್ಟ ಇರುವುದು ಓರೆ ನೆಲದಲ್ಲಿ. ಒಂದು ದಿನ ಇಳಿಜಾರಿನಲ್ಲಿ ವೇಗದ ಗುಂಡಿಯನ್ನು ಮೊಲದ ಚಿತ್ರದವರೆಗೂ ತಿರುಗಿಸಿಟ್ಟು ಹೋಗುತ್ತಿದ್ದೆ (ಒಂದು ತುದಿಗೆ ಆಮೆ, ಇನ್ನೊಂದಕ್ಕೆ ಮೊಲ; ಈ ಗಾಡಿಗಳಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದೊಂದು). ಹಿಂದಿನಿಂದ ಯಾರೋ ಕರೆದರು. ತಿರುಗಿ ನೋಡುತ್ತ ಹ್ಯಾಂಡಲನ್ನೂ ತಿರುಗಿಸಿಬಿಟ್ಟೆ. ಒಳಬದಿಯ ಚಕ್ರ ಎದ್ದಿತು, ನಾನು ಹೊರಬದಿಗೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ತಪ್ಪು ಗಾಡಿಯದ್ದಕ್ಕಿಂತ ನನ್ನದು. ಇಳಿಜಾರನ್ನು ನೇರವಾಗಿ ಇಳಿಯಬೇಕು, ನೇರವಾಗಿ ಹತ್ತಬೇಕು, ಅಡ್ಡಡ್ಡ ಹೋಗಬಾರದು, ವೇಗದಲ್ಲಿ ತಿರುಗಬಾರದು. ಇದು ನಾಲ್ಕು ಚಕ್ರಕ್ಕೂ ಅನ್ವಯ. ಮೂರು ಚಕ್ರ ಮಾತ್ರ ತಪ್ಪನ್ನು ಬೇಗ ಕ್ಷಮಿಸುವುದಿಲ್ಲ.

ಆ ಹೆದರಿಕೆಗೇ ಎರಡನೆಯದು ಬಂತು. ನಾಲ್ಕು ಚಕ್ರ, ಗಾಳಿ ತುಂಬುವ ದೊಡ್ಡ ಟೈರು, ಸಸ್ಪೆನ್ಷನ್, ಸೋಫಾದಂಥ ಸೀಟು, ಗಂಟೆಗೆ 12 ಕಿ.ಮೀ. ವೇಗ. ನೂರು ಕೆ.ಜಿ.ಗೂ ಮೀರಿದ ತೂಕ. ಹಳ್ಳ ದಿಣ್ಣೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಅದು ಲಿಫ್ಟಿನೊಳಗೆ ಹೋದರೆ ತಿರುಗುತ್ತಿರಲಿಲ್ಲ; ಪೀಂ ಪೀಂ ಎಂದು ಕೂಗಿಸಿಕೊಂಡು ಹಿಂದು ಹಿಂದಕ್ಕೇ ಬರಬೇಕು, ಹಿಂದೆ ನಿಂತವರೆಲ್ಲ ದಾರಿ ಬಿಡಬೇಕು. ಬಾಗಿಲ ಅಗಲ ಅಳೆದಿದ್ದೆ, ಬಾಗಿಲ ಆಚೆಗಿನ ತಿರುವನ್ನು ಅಳೆದಿರಲಿಲ್ಲ. ಕಾರಿಗಂತೂ ಅದು ಹತ್ತುವ ಮಾತೇ ಇಲ್ಲ. ಹಾಗಾಗಿ ಮನೆಯಿಂದ ಎಷ್ಟು ದೂರ ಓಡುತ್ತದೋ ಅಷ್ಟೇ ನನ್ನ ಪ್ರಪಂಚ. ದೊಡ್ಡ ಗಾಡಿ ಕೊಂಡು ಪ್ರಪಂಚವನ್ನು ಚಿಕ್ಕದು ಮಾಡಿಕೊಂಡೆ.

ಅದು ಕೈಕೊಟ್ಟ ದಿನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ಅಂಗಡಿಯಲ್ಲೂ ನನಗೆ ಹೇಳಿಕೊಡಲಿಲ್ಲ. ಈ ಸ್ಕೂಟರುಗಳಲ್ಲಿ ಕಾಲಿನ ಬ್ರೇಕ್ ಇರುವುದಿಲ್ಲ. ಓಡಿಸಲು ಹ್ಯಾಂಡಲಿನಲ್ಲಿ ಒತ್ತಿ ಹಿಡಿಯುವ ಲಿವರನ್ನು ಬಿಟ್ಟರೆ ಮೋಟರೇ ಗಾಡಿಯನ್ನು ನಿಧಾನ ಮಾಡುತ್ತದೆ, ನಿಂತ ಮೇಲೆ ಒಳಗಿನ ವಿದ್ಯುತ್ಕಾಂತದ ಬ್ರೇಕು ಟಕ್ ಎಂದು ಕಚ್ಚಿಕೊಳ್ಳುತ್ತದೆ. ಹಿಡಿಯುವುದು ಸ್ಪ್ರಿಂಗು, ಬಿಡಿಸುವುದಕ್ಕೆ ಕರೆಂಟು ಬೇಕು. ಅಂದರೆ ಬ್ಯಾಟರಿ ಸತ್ತರೆ ಗಾಡಿ ಕಲ್ಲಿನಂತೆ ನಿಲ್ಲುತ್ತದೆ. ಸಮತಟ್ಟು ನೆಲದಲ್ಲಿ ಅರ್ಧ ಚಾರ್ಜು ತೋರಿಸುತ್ತಿದ್ದ ಮುಳ್ಳು ಏರಿನಲ್ಲಿ ದಿಢೀರನೆ ಕೆಂಪಿಗೆ ಇಳಿದು, ಏರಿನ ನಡುವೆಯೇ ನಿಂತೆ. ದಾರಿಹೋಕರಿಬ್ಬರು ಬಂದು ತಳ್ಳಿದರು, ಜಗ್ಗಲಿಲ್ಲ. ಒಬ್ಬ ಹಿಂದೆ ಬಗ್ಗಿ ನೋಡಿ, ಮೋಟರಿನ ಪಕ್ಕದಲ್ಲಿ ಒಂದು ಲಿವರ್ ಕಂಡು, ‘ಅಮ್ಮಾ, ನೀವು ಕೂತಿರಿ, ಏನೂ ಆಗಲ್ಲ’ ಎನ್ನುತ್ತ ಅದನ್ನು ಒತ್ತಿದ. ಅದು ಮೋಟರನ್ನೂ ಬ್ರೇಕನ್ನೂ ಬಿಡಿಸಿ ಚಕ್ರವನ್ನು ಸ್ವತಂತ್ರ ಮಾಡುವ ಲಿವರ್. ಒತ್ತಿದ ಕ್ಷಣ ಗಾಡಿ ನನ್ನನ್ನೂ ಕೂರಿಸಿಕೊಂಡು ಹಿಂದಕ್ಕೆ ಉರುಳತೊಡಗಿತು. ‘ಎತ್ತಿ, ಅದನ್ನ ಮೇಲಕ್ಕೆತ್ತಿ!’ ಎಂದು ಕಿರುಚಿದೆ. ಎತ್ತಿದ, ಕಚ್ಚಿಕೊಂಡು ನಿಂತಿತು. ಆಮೇಲೆ ನಾನು ಇಳಿದು, ಅವರಿಬ್ಬರೂ ಕೆಳಗಿನಿಂದ ಗಾಡಿಗೆ ಬೆನ್ನು ಕೊಟ್ಟು ನಿಂತ ಮೇಲೆಯೇ ಮತ್ತೆ ಲಿವರ್ ಒತ್ತಿದ್ದು. ಹೊಸ ಗಾಡಿ ಮನೆಗೆ ಬಂದ ದಿನವೇ ಈ ಲಿವರ್ ಎಲ್ಲಿದೆ ಎಂದು ಹುಡುಕಿಡಿ, ಮನೆಯವರಿಗೂ ತೋರಿಸಿ. ಇಳಿಜಾರಿನಲ್ಲಿ ಸವಾರರು ಕೂತಿರುವಾಗ ಅದನ್ನು ಯಾರೂ ಮುಟ್ಟಕೂಡದು.

ಈಗ ಹೆಬ್ಬೆರಳಿನ ಕತೆ. ಓಡಿಸುವ ಲಿವರ್ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗೆ, ಮಕ್ಕಳು ಏರಿಳಿದು ಆಡುವ ಸೀ-ಸಾ ಹಲಗೆಯಂತೆ ಇರುತ್ತದೆ. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಮುಂದಕ್ಕೆ, ಎಡಗೈಯದರಿಂದ ಒತ್ತಿದರೆ ಹಿಂದಕ್ಕೆ. ಹೋಗುತ್ತಿರುವಷ್ಟು ಹೊತ್ತೂ ಒತ್ತಿಯೇ ಹಿಡಿದಿರಬೇಕು. ಅಂಗಡಿಯಲ್ಲಿ ಎರಡು ನಿಮಿಷ ಒತ್ತುವುದು ಬೇರೆ, ಸಂಧಿವಾತದ ಬೆರಳಲ್ಲಿ ಅರ್ಧ ಗಂಟೆ ಒತ್ತುವುದು ಬೇರೆ. ಮೊದಲ ಎರಡು ಗಾಡಿಗಳಲ್ಲೂ ಸಂಜೆಯಾದರೆ ಬಲಗೈ ಹೆಬ್ಬೆರಳಿನ ಬುಡ ಊದಿರುತ್ತಿತ್ತು. ಈಗಿನದರ ಹ್ಯಾಂಡಲ್ ಉಂಗುರದಂತೆ ಸುತ್ತಿ ಬಂದಿದೆ. ಹೆಬ್ಬೆರಳಲ್ಲಿ ಒತ್ತಲೂಬಹುದು, ಇನ್ನೊಂದು ಬದಿಯನ್ನು ನಾಲ್ಕು ಬೆರಳಲ್ಲಿ ಎಳೆಯಲೂಬಹುದು. ಕೈ ಬದಲಿಸುತ್ತ ಹೋಗುತ್ತೇನೆ. ಕ್ಯಾಟಲಾಗಿನಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ, ನನಗೆ ಮಾತ್ರ ಇದೇ ದೊಡ್ಡದು.

1968ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಅಲ್ ಥೀಮ್ ಎಂಬವರು ಅಮಿಗೊ ಎಂಬ ಮೊದಲ ಮೊಬಿಲಿಟಿ ಸ್ಕೂಟರ್ ತಯಾರಿಸಿದ್ದು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರದ ಕಾಯಿಲೆ ಇದ್ದ ತಮ್ಮ ಮನೆಯವರೊಬ್ಬರಿಗಾಗಿ. ಅಂದರೆ ಮೊದಲ ಗಾಡಿ ಒಬ್ಬರ ಅಳತೆಗೆ ಹೊಲಿದ ಅಂಗಿ. ನಾವು ಕೊಳ್ಳುವುದು ಸಿದ್ಧ ಉಡುಪು, ಹಾಕಿ ನೋಡದೆ ತರಬಾರದು.

ಬ್ಯಾಟರಿ ವಿಷಯಕ್ಕೆ ಬಂದರೆ ನನ್ನ ಹಳೆಯ ಎರಡೂ ಗಾಡಿಯದು ಮೊಹರು ಮಾಡಿದ ಸೀಸ-ಆಮ್ಲದ ಬ್ಯಾಟರಿ, 12 ವೋಲ್ಟಿನ ಎರಡು, ಸೇರಿ 24. ಮೊಣಕಾಲಿನ ಆಪರೇಷನ್ ಆಗಿ ಎರಡೂವರೆ ತಿಂಗಳು ಮಲಗಿದ್ದಾಗ ಚಾರ್ಜಿನ ನೆನಪು ಯಾರಿಗೂ ಬರಲಿಲ್ಲ. ಎದ್ದು ಬಂದು ಕೀ ತಿರುಗಿಸಿದರೆ ಗಾಡಿ ಮಿಸುಕಲಿಲ್ಲ. ಖಾಲಿಯಾಗಿ ಬಿಟ್ಟ ಸೀಸದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹಿಡಿದುಕೊಳ್ಳುವುದಿಲ್ಲ. ಓಡಿಸಿದ ದಿನ ರಾತ್ರಿ ಚಾರ್ಜಿಗೆ ಹಾಕಬೇಕು, ಓಡಿಸದಿದ್ದರೂ ಆಗಾಗ ತುಂಬಿಸುತ್ತಿರಬೇಕು. ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಬೇಕು; ಹಳೆಯದೊಂದು ಹೊಸದೊಂದು ಜೋಡಿ ಮಾಡಿದರೆ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ. ನಾನು ಮಾಡಿ ನೋಡಿದ್ದೇನೆ.

ಕ್ಯಾಟಲಾಗಿನ ‘ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್’ ಎಂಬುದನ್ನು ಸುಳ್ಳು ಅನ್ನಲಾರೆ. ಗಾಲಿಕುರ್ಚಿ, ಸ್ಕೂಟರುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 7176 ಸರಣಿಯ 4ನೇ ಭಾಗವೇ ಇದನ್ನು ಅಳೆಯುವ ಕ್ರಮ. ಅದರಲ್ಲಿ ಬರುವುದು ಲೆಕ್ಕದ ದೂರ. ಹೊಸ ಬ್ಯಾಟರಿಯ ಲೆಕ್ಕಕ್ಕೂ ನನ್ನ ದಾರಿಯ ಏರಿಗೂ ಸಂಬಂಧವಿಲ್ಲ. ಈಗಿನದಕ್ಕೆ 16 ಎಂದು ಬರೆದಿತ್ತು, ನನಗೆ ಸಿಗುವುದು ಹತ್ತು, ಹೆಚ್ಚೆಂದರೆ ಹನ್ನೊಂದು. ದಿನಕ್ಕೆ ಬೇಕಾದ ದೂರದ ಎರಡರಷ್ಟು ಬರೆದಿರುವ ಗಾಡಿ ನೋಡಿ.

ಮೂರನೆಯದು ಮಡಚುವ ಗಾಡಿ, ನಾಲ್ಕು ಚಕ್ರ, ಲಿಥಿಯಂ ಬ್ಯಾಟರಿ. ಲಗ್ಗಿ ಎಂಬ ಹೆಸರಿನ ಮಾದರಿ ಈ ಜಾತಿಯಲ್ಲಿ ಪ್ರಸಿದ್ಧ. ಮಡಚಿದರೆ ಸೂಟ್‌ಕೇಸಿನಂತೆ ಎಳೆದುಕೊಂಡು ಹೋಗಬಹುದು. ತುಂಡಾಗದ ಕಾರಣ ಪೂರಾ 26 ಕೆ.ಜಿ. ಒಟ್ಟಿಗೇ ಎತ್ತಬೇಕಲ್ಲ ಎಂದು ಅಳುಕಿದ್ದೆ. ನಮ್ಮವರೇ ಉಪಾಯ ಕಂಡುಕೊಂಡರು: ಮುಂಬದಿಯನ್ನು ಡಿಕ್ಕಿಯ ಅಂಚಿಗೆ ಒರಗಿಸಿ, ಹಿಂಬದಿ ಹಿಡಿದು ಎತ್ತಿ ಒಳಕ್ಕೆ ನೂಕುತ್ತಾರೆ. ಒಂದು ಸಲಕ್ಕೆ ಅರ್ಧ ಭಾರ. ನಿಮ್ಮ ಡಿಕ್ಕಿಯ ಅಂಚು ಎತ್ತರವಿದ್ದರೆ ಈ ಉಪಾಯ ನಡೆಯಲಿಕ್ಕಿಲ್ಲ. ಅಂಗಡಿಗೆ ಕಾರು ತೆಗೆದುಕೊಂಡು ಹೋಗಿ, ಅಲ್ಲೇ ಎತ್ತಿಸಿ ನೋಡಿ.

ವಿಮಾನದಲ್ಲಿ ಒಯ್ಯುವವರು ಬ್ಯಾಟರಿಯ ಮೇಲಿನ ವ್ಯಾಟ್-ಅವರ್ ಅಂಕಿ, ಅಂದರೆ ಅದರಲ್ಲಿ ಎಷ್ಟು ಶಕ್ತಿ ತುಂಬುತ್ತದೆ ಎಂಬ ಅಳತೆ, ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿ. ನನ್ನದು 24ಕ್ಕೆ 10, ಅಂದರೆ 240. ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿ ಒಂದೇ ಆದರೆ 300, ಎರಡಿದ್ದರೆ ಒಂದೊಂದೂ 160ರ ಒಳಗಿರಬೇಕು. ತೆಗೆದ ಬ್ಯಾಟರಿ ನಿಮ್ಮ ಜೊತೆ ಕ್ಯಾಬಿನ್ನಿಗೇ ಬರಬೇಕು, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ನಗು ಬರುವ ಸಂಗತಿಯೊಂದು. ಕೊಂಡ ತಿಂಗಳಲ್ಲೇ ಒಂದು ಬೆಳಿಗ್ಗೆ ಗಾಡಿ ಬೀಪ್ ಬೀಪ್ ಅನ್ನುತ್ತ ಮುಷ್ಕರ ಹೂಡಿತು. ಕೀ ತೆಗೆದೆ, ಹಾಕಿದೆ, ಬ್ಯಾಟರಿ ಬಿಚ್ಚಿದೆ, ಬೈದೆ. ಕೊನೆಗೆ ನೋಡಿದರೆ ಹ್ಯಾಂಡಲಿಗೆ ನೇತುಹಾಕಿದ ನನ್ನ ಚೀಲದ ಪಟ್ಟಿ ಲಿವರನ್ನು ಒತ್ತಿಕೊಂಡಿತ್ತು. ಕೀ ತಿರುಗಿಸುವಾಗ ಲಿವರ್ ಒತ್ತಿದ್ದರೆ ಗಾಡಿ ಹೊರಡಕೂಡದು ಎಂಬುದು ಅದರ ಸುರಕ್ಷತೆಯ ಏರ್ಪಾಡು. ಪಾಪ, ಅದು ಸರಿಯಾಗೇ ಇತ್ತು.

ಎಲ್ಲರಿಗೂ ಸ್ಕೂಟರೇ ಬೇಕು ಎಂದಲ್ಲ. ಬೆನ್ನು ನೆಟ್ಟಗೆ ಹಿಡಿದು ಕೂರಲು, ಎರಡೂ ಕೈ ಚಾಚಿ ಹ್ಯಾಂಡಲ್ ಹಿಡಿಯಲು, ಎದ್ದು ಎರಡು ಹೆಜ್ಜೆ ಇಟ್ಟು ಸೀಟಿಗೆ ಬರಲು ಆಗದವರಿಗೆ ಜಾಯ್‌ಸ್ಟಿಕ್ ಇರುವ ಪವರ್ ವ್ಹೀಲ್‌ಚೇರೇ ವಾಸಿ.

ಸದ್ಯ ದೊಡ್ಡ ಗಾಡಿ, ಅಗಲ ಅಂಗಳವಿರುವ ಪರಿಚಯದವರ ಮನೆ ಸೇರಿದೆ, ಅವರಿಗೆ ಅದೇ ಪ್ರಾಣ. ಮೂರು ಚಕ್ರದ್ದನ್ನು ಬ್ಯಾಟರಿ ಬದಲಿಸಿ ಮನೆಯೊಳಗೆ ಇಟ್ಟುಕೊಂಡಿದ್ದೇನೆ. ಹೊರಗೆ ಮಡಚುವುದೇ. ಅದರ ಮೇಲೂ ದೂರಿದೆ: ಟೈರು ಗಟ್ಟಿ ರಬ್ಬರಿನದು, ಪಂಕ್ಚರ್ ಚಿಂತೆ ಇಲ್ಲ ನಿಜ, ಆದರೆ ಕಲ್ಲು ಹಾಸಿದ ದಾರಿಯಲ್ಲಿ ಹಲ್ಲು ಕಟಕಟ ಅನ್ನುತ್ತವೆ. ಚಕ್ರ ಚಿಕ್ಕದಾದ್ದರಿಂದ ಲಿಫ್ಟಿನ ಬಾಗಿಲ ಸಂದಿಯನ್ನು ಓರೆಯಾಗಿ ದಾಟಿದರೆ ಸಿಕ್ಕಿಕೊಳ್ಳುತ್ತದೆ. ಸೀಟು ತಿರುಗುವುದಿಲ್ಲ, ತಗ್ಗು ಬೇರೆ. ಏಳುವಾಗ ಮೊಣಕಾಲು ಬೇಡಿಕೊಳ್ಳುತ್ತದೆ. ನಾಲ್ಕು ಬೆರಳು ದಪ್ಪದ ದಿಂಬೊಂದನ್ನು ಹೊಲಿಸಿ ಸೀಟಿಗೆ ಕಟ್ಟಿದ್ದೇನೆ. ಮಡಚುವ ಮೊದಲು ಅದನ್ನು ಬಿಚ್ಚಬೇಕು, ಮೂರರಲ್ಲಿ ಒಂದು ಸಲ ಮರೆಯುತ್ತೇನೆ, ಗಾಡಿ ಅರ್ಧ ಮಡಚಿ ಬಾಯಿ ತೆರೆದುಕೊಂಡು ನಿಲ್ಲುತ್ತದೆ.